ಗಡಿಯಲ್ಲಿ ನಿಂತುಹೋದ ಕೋವಿಡ್ ನಕ್ಷೆ: ಉಮರ್ಗಾ, ನಿಲಂಗಾ, ಉದಗೀರ್ ಹೇಳುವ ಪಾಠ

2020ರ ಏಪ್ರಿಲ್ ಮೊದಲ ವಾರ. ದೇಶವಿಡೀ ಲಾಕ್‌ಡೌನ್. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ನಿಲಂಗಾದಲ್ಲಿ ಮಸೀದಿಯೊಂದರಲ್ಲಿ ತಂಗಿದ್ದ ಆಂಧ್ರದ 12 ಪ್ರಯಾಣಿಕರ ಪೈಕಿ 8 ಮಂದಿಗೆ ಕೊರೋನ ದೃಢಪಟ್ಟಿತು. ಅದೇ ದಿನಗಳಲ್ಲಿ ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಉಮರ್ಗಾ ತಾಲೂಕಿನಲ್ಲೂ ಸೋಂಕು ಕಂಡಿತು. ತಿಂಗಳ ಕೊನೆಗೆ ಉದಗೀರ್ ಸರದಿ. ಮೂರೂ ನಮ್ಮ ಬೀದರ್ ಗಡಿಗೆ ಹತ್ತಿರದ ಊರುಗಳು.

ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಇಲಾಖೆ ದೇಶದ 733 ಜಿಲ್ಲೆಗಳಿಗೆ ಬಣ್ಣ ಹಚ್ಚಿತು. 130 ಕೆಂಪು, 284 ಕಿತ್ತಳೆ, 319 ಹಸಿರು. ಲಾತೂರ್ ಮತ್ತು ಬೀದರ್ ಕಿತ್ತಳೆ, ಉಸ್ಮಾನಾಬಾದ್ ಹಸಿರು. ಉದಗೀರ್ ಪಟ್ಟಣದ ಒಂದು ಮೊಹಲ್ಲಾಕ್ಕೂ, ಸೋಂಕೇ ಕಾಣದ ದೂರದ ಹಳ್ಳಿಗೂ ಒಂದೇ ಬಣ್ಣ. ಉಮರ್ಗಾದಿಂದ ಸ್ವಲ್ಪ ದೂರ ಹೋದರೆ ರಾಜ್ಯ ಬೇರೆ, ಬಣ್ಣವೂ ಬೇರೆ.

ಆದರೆ ವೈರಸ್ ಜಿಲ್ಲೆಯ ಗೆರೆ ನೋಡಿ ನಿಲ್ಲುತ್ತದೆಯೇ? ಅದು ಜನರ ಜೊತೆ ಹೋಗುತ್ತದೆ, ಜನ ರಸ್ತೆ, ರೈಲು ಹಿಡಿದು ಹೋಗುತ್ತಾರೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾ ದಾಟಿ ಬಸವಕಲ್ಯಾಣ ತಾಲೂಕು, ಹುಮನಾಬಾದ್ ಮೂಲಕವೇ ಸಾಗುತ್ತದೆ. ಬೀದರ್‌ನಿಂದ ಹೊರಟ ರೈಲು ಭಾಲ್ಕಿ, ಕಮಲನಗರ ದಾಟಿದರೆ ಉದಗೀರ್. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆಗುವವರೆಗೆ ನಿಲಂಗಾ, ಉದಗೀರ್ ಎರಡೂ ಬೀದರ್ ಜಿಲ್ಲೆಯದ್ದೇ ತಾಲೂಕುಗಳಾಗಿದ್ದವು. ಸಂಬಂಧ, ಸಂತೆ, ಆಸ್ಪತ್ರೆ ಎಲ್ಲವೂ ಗೆರೆಯ ಆಚೆ ಈಚೆ ಹರಡಿರುವ ಪ್ರದೇಶವಿದು. ಇಲ್ಲಿ ಸೋಂಕಿನ ದಾರಿ ಹುಡುಕಲು ಎರಡು ರಾಜ್ಯಗಳ ಮಾಹಿತಿ ಒಂದೇ ನಕ್ಷೆಯಲ್ಲಿ ಸೇರಬೇಕು.

ನಕ್ಷೆಯಿಂದ ರೋಗ ಹಿಡಿಯುವ ವಿದ್ಯೆ ಹೊಸತೇನಲ್ಲ. 1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋದರು. ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪಿನ ಸುತ್ತಲೇ ಹೆಚ್ಚು ಸಾವು. ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಮಾತ್ರ ಏನೂ ಆಗಿರಲಿಲ್ಲ, ಏಕೆಂದರೆ ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಸ್ನೋ ಅವರ ವಾದ ಕೇಳಿ ಪಂಪಿನ ಹಿಡಿಯನ್ನೇ ಕಳಚಿಸಲಾಯಿತು. ಚುಕ್ಕೆ ಇಟ್ಟದ್ದಕ್ಕಿಂತ ಮುಖ್ಯವಾದದ್ದು ಅವರು ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆ: ಇಲ್ಲಿ ಯಾಕೆ, ಅಲ್ಲಿ ಯಾಕಿಲ್ಲ?

ಮುಂಬೈಯ ಧಾರಾವಿಯಲ್ಲಿ ಆದದ್ದೂ ಇದೇ. 2020ರ ಏಪ್ರಿಲ್ 1ರಂದು ಮೊದಲ ಪ್ರಕರಣ. ಕಿರಿದಾದ ಓಣಿ, ನೂರಾರು ಜನಕ್ಕೆ ಒಂದು ಶೌಚಾಲಯ. ಪಾಲಿಕೆಯವರು ಓಣಿ ಓಣಿಗೆ ಹೋಗಿ ಜ್ವರ ತಪಾಸಣೆ ಮಾಡಿದರು, ಶೌಚಾಲಯಗಳನ್ನು ತೊಳೆಸಿದರು, ಸೋಂಕಿತರನ್ನು ಬೇರೆ ಇರಿಸಿದರು. ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಧಾರಾವಿಯನ್ನು ಹೊಗಳಿತು.

ನಿಲಂಗಾದ ಚುಕ್ಕೆಗೆ ಮಾತ್ರ ಬೇರೆಯದೇ ಅರ್ಥ ಹಚ್ಚುವ ಕಾಲ ಅದಾಗಿತ್ತು. ಟಿವಿ, ವಾಟ್ಸ್ಆ್ಯಪ್‌ಗಳಲ್ಲಿ ಮಸೀದಿ ಅಂದ ಕೂಡಲೇ ರೋಗದ ಚರ್ಚೆ ಧರ್ಮದ ಚರ್ಚೆಯಾಯಿತು. ಹಣ್ಣು, ತರಕಾರಿ ಮಾರುವವರ ಹೆಸರು ಕೇಳಿ ವ್ಯಾಪಾರ ಮಾಡುವ ಸ್ಥಿತಿ ಬಂತು. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್ ರದ್ದು ಮಾಡುತ್ತಾ, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು.

ಕರ್ನಾಟಕದಲ್ಲೂ ಎಡವಟ್ಟಾಯಿತು. ಕ್ವಾರಂಟೈನ್‌ನಲ್ಲಿದ್ದ ಬೆಂಗಳೂರಿಗರ ವಿಳಾಸಗಳೇ ಬಹಿರಂಗವಾದವು. ಮನೆ ನಂಬರ್ ಸಮೇತ ಊರಿಗೆ ಗೊತ್ತಾಗುತ್ತದೆ ಅಂದರೆ ಜ್ವರ ಬಂದವರು ಟೆಸ್ಟಿಗೆ ಬರುವ ಬದಲು ಅಡಗಿ ಕೂರುತ್ತಾರೆ. ಆಗ ನಕ್ಷೆಯೇ ಸುಳ್ಳಾಗುತ್ತದೆ.

ಗಡಿಯ ಕಷ್ಟ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಜೇಶ್ವರ, ಉಪ್ಪಳ, ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆ ಕಣ್ಣೆದುರಿದ್ದೂ ಸಿಗಲಿಲ್ಲ. ಹಲವರು ಪ್ರಾಣ ಕಳೆದುಕೊಂಡರು. ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಸೋಂಕು ಎಲ್ಲಿದೆ ಎಂದು ನೋಡಿದ ನಕ್ಷೆ, ಡಯಾಲಿಸಿಸ್‌ಗೆ ಜನ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನೋಡಲೇ ಇಲ್ಲ.

ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಕೇಳಬೇಕಾದ್ದು ಇಷ್ಟು: ಲೆಕ್ಕ ಜಿಲ್ಲೆಗೆ ಬದಲು ವಾರ್ಡ್, ಗ್ರಾಮದ ಮಟ್ಟದಲ್ಲಿ ಸಿಗಲಿ. ನೆರೆಯ ಜಿಲ್ಲಾಡಳಿತಗಳು ರಾಜ್ಯದ ಗೆರೆ ಮೀರಿ ಅದನ್ನು ಹಂಚಿಕೊಳ್ಳಲಿ. ಹೆಸರು, ಧರ್ಮ, ಮನೆ ವಿಳಾಸ ಗುಟ್ಟಾಗಿರಲಿ.

ಯುವಕರಿಗೂ ಇಲ್ಲಿ ಕೆಲಸವಿದೆ. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್ ಉಚಿತ, ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಯಾರೂ ತಮ್ಮ ಊರಿನ ರಸ್ತೆ, ಕ್ಲಿನಿಕ್ ಸೇರಿಸಬಹುದು. ಜಮಾಅತ್‌ಗಳ ಬಳಿ ಮನೆಗಳ ಲೆಕ್ಕ ಇದ್ದೇ ಇರುತ್ತದೆ. ಒಂಟಿಯಾಗಿರುವ ವೃದ್ಧರು, ಡಯಾಲಿಸಿಸ್ ರೋಗಿಗಳು, ಆಂಬುಲೆನ್ಸ್ ಹೋಗದ ಓಣಿಗಳು ಎಲ್ಲಿವೆ ಎಂದು ಜಾತಿ ಧರ್ಮ ನೋಡದೆ ಗುರುತಿಸಿ, ವೈಯಕ್ತಿಕ ಮಾಹಿತಿಯನ್ನು ಜವಾಬ್ದಾರಿ ಇರುವವರ ಕೈಯಲ್ಲಷ್ಟೇ ಇಟ್ಟುಕೊಂಡರೆ ಸಾಕು. ರೋಗ ಬಂದ ದಿನ ಯಾವ ಬಾಗಿಲು ಮೊದಲು ತಟ್ಟಬೇಕು ಎಂಬುದು ಆಗ ಗೊತ್ತಿರುತ್ತದೆ.