ಮೊದಲು ನೀರು ಕೇಳಿ, ಆಮೇಲೆ ಸುವಾರ್ತೆ ಹೇಳಿ

ಹಳ್ಳಿಗಳಲ್ಲಿ ನಡೆಯುವ ಸುವಾರ್ತಾ ಸೇವೆಯ ಬಗ್ಗೆ ನಾವು ಕೇಳುವುದು ಎರಡೇ ಬಗೆಯ ಮಾತು. 'ಇಷ್ಟು ಜನ ದೀಕ್ಷಾಸ್ನಾನ ಪಡೆದರು, ದೇವರಿಗೆ ಮಹಿಮೆ' ಎಂದು ಒಬ್ಬರು. 'ಇಷ್ಟು ಜನ ಕೈತಪ್ಪಿ ಹೋದರು, ಧರ್ಮಕ್ಕೆ ಆಪತ್ತು' ಎಂದು ಇನ್ನೊಬ್ಬರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೆ ಇಬ್ಬರ ಕೈಯಲ್ಲೂ ಇರುವುದು ಒಂದೇ ಲೆಕ್ಕದ ಪುಸ್ತಕ. ನಮ್ಮ ತಕರಾರು ಆ ಪುಸ್ತಕದ ಮೇಲೆ.

ಮೊದಲು ಸುವಾರ್ತೆ ಸಾರುವವರಿಗೆ. ನೀವು ಸದಾ ಕೈಯಲ್ಲಿ ಹಿಡಿಯುವ ಗ್ರಂಥದಲ್ಲೇ ಯೋಹಾನನ ಸುವಾರ್ತೆಯ 4ನೇ ಅಧ್ಯಾಯವಿದೆ. ದಾರಿ ನಡೆದು ದಣಿದ ಯೇಸು ಸಮಾರ್ಯದ ಬಾವಿಯ ಬಳಿ ಕೂತಿದ್ದಾನೆ. ಕೊಡ ಹಿಡಿದು ಬಂದ ಹೆಂಗಸಿನ ಬಳಿ ಕುಡಿಯಲು ನೀರು ಕೇಳುತ್ತಾನೆ. ಯೆಹೂದ್ಯರು ಸಮಾರ್ಯರೊಂದಿಗೆ ಕೊಡು-ಕೊಳ್ಳು ಇಟ್ಟುಕೊಳ್ಳದ ಕಾಲ ಅದು. ನೀನು ನನ್ನ ಹತ್ತಿರ ನೀರು ಕೇಳಬಹುದೇ ಎಂದು ಅವಳೇ ಬೆರಗಾಗುತ್ತಾಳೆ. ಕೆರೆ ಬಾವಿಗೆ ಜಾತಿ ಕಟ್ಟಿದ ನಮ್ಮ ಊರುಗಳಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಬೆಟ್ಟದ ಮೇಲೆ ಪೂಜೆ ಸರಿ ಎಂಬ ವಾದ ಬಂದದ್ದು ಆಮೇಲೆ. ಅಲ್ಲಿ ಯೇಸು ತನ್ನ ಭಿನ್ನಾಭಿಪ್ರಾಯ ಮುಚ್ಚಿಡಲಿಲ್ಲ. ಆದರೆ ಮೊದಲು ಅವಳ ಕೈನೀರು ಕೇಳಿದ್ದ, ಕೊನೆಗೆ ಅವರ ಊರಲ್ಲೇ ಎರಡು ದಿನ ಉಳಿದ.

ಪೌಲನದೂ ಇದೇ ದಾರಿ. ಅಥೇನೆಯ ಮೂರ್ತಿಗಳನ್ನು ಕಂಡು ಅವನು ಒಳಗೇ ಕುದಿದನೆಂದು ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಹೇಳುತ್ತದೆ. ಆದರೂ ಸಭೆಯ ಮುಂದೆ ನಿಂತಾಗ ಅವರದೇ ಒಂದು ಬಲಿಪೀಠದಿಂದ ಮಾತು ತೆಗೆದ, ಅವರದೇ ಕವಿಗಳನ್ನು ನೆನೆದ. ಊರ ದೇವರನ್ನು ಮೈಕಿನಲ್ಲಿ ಸೈತಾನ ಎನ್ನುವ ಬೋಧಕರು ಆ ಪುಟವನ್ನು ಎಲ್ಲಿ ಮರೆತರು?

ಕನ್ನಡ ನೆಲದಲ್ಲೂ ಉದಾಹರಣೆಗಳಿವೆ. ನಾವು ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ 'ಮಂಗಳೂರ ಸಮಾಚಾರ'ದ ನೆನಪಿಗೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಜೈನ ಕವಿ ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಅವರೇನೂ ಸರ್ವಧರ್ಮ ಸಮನ್ವಯಕ್ಕೆ ಬಂದವರಲ್ಲ, ತಮ್ಮ ನಂಬಿಕೆಯೇ ನಿಜ ಎಂದುಕೊಂಡೇ ಬಂದ ಮಿಷನರಿಗಳು. ಆದರೆ ಮಾತಾಡುವ ಮೊದಲು ಈ ಜನರ ಮಾತು ಕಲಿತರು. ಅವರು ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟರೆಂದು ಇವತ್ತು ಯಾರೂ ಕೇಳುವುದಿಲ್ಲ. ನಿಘಂಟನ್ನು ಮಾತ್ರ ಎಲ್ಲ ಮತದವರೂ ತೆರೆಯುತ್ತಾರೆ.

ಇನ್ನು ಎದುರು ಪಾಳಯಕ್ಕೆ. ಬಡವರು ಹೋಗುವುದೆಲ್ಲ ಆಮಿಷಕ್ಕೆ ಎನ್ನುತ್ತೀರಿ. 1950ರ ರಾಷ್ಟ್ರಪತಿ ಆದೇಶದಂತೆ ದಲಿತನೊಬ್ಬ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಸ್ಥಾನವನ್ನೇ ಕಳೆದುಕೊಳ್ಳುತ್ತಾನೆ. ಇಷ್ಟು ದೊಡ್ಡ ನಷ್ಟ ಕಟ್ಟಿಕೊಂಡು ಹೋದವನನ್ನು ಒಂದು ಅಕ್ಕಿ ಮೂಟೆಗೆ ಹೋದ ಎನ್ನುವುದು ಅವನ ಬುದ್ಧಿಗೆ ಮಾಡುವ ಅವಮಾನ. ಎಲ್ಲೋ ಮೋಸ ನಡೆದಿದ್ದರೆ ಆ ಮೋಸವನ್ನು ಹಿಡಿಯಿರಿ. ಆದರೆ 2022ರ ಕಾಯ್ದೆ, ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿತು. ದೇವರನ್ನು ನೆನೆಯಲು ಕಚೇರಿಗೆ ಅರ್ಜಿ ಹಾಕಬೇಕೇ? ಸಂವಿಧಾನದ 25ನೇ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿರುವುದು ಪ್ರತಿಯೊಬ್ಬನಿಗೆ, ಅವನ ಪರವಾಗಿ ಕಾವಲು ನಿಂತವರಿಗಲ್ಲ.

ನಮ್ಮ ಕಸುಬಿನವರಿಗೂ ಒಂದು ಮಾತು. ಮತಾಂತರದ ಸುದ್ದಿಯಲ್ಲಿ ಪೊಲೀಸರ ಹೇಳಿಕೆ, ಸಂಘಟನೆಯ ಹೇಳಿಕೆ, ಪಾಸ್ಟರರ ಹೇಳಿಕೆ ಇರುತ್ತವೆ. ಮತ ಬದಲಿಸಿದ ಹೆಣ್ಣುಮಗಳ ಹೇಳಿಕೆ ಎಲ್ಲಿ? ಆಕೆ ಯಾಕೆ ಹೋದಳು, ಏನು ಸಿಕ್ಕಿತು, ಏನು ಕಳೆಯಿತು ಎಂದು ಅವಳನ್ನೇ ಕೇಳದೆ ಬರೆದದ್ದು ವರದಿಯಾಗುವುದಿಲ್ಲ.

ದೇವರ ಮಹಿಮೆ ಮನುಷ್ಯರ ಎಣಿಕೆಯಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗೆ ಹೆಚ್ಚು ಕಡಿಮೆಯಾಗುವುದಾದರೆ ಅದು ಚುನಾವಣೆ. ಪಾಸ್ಟರರೇ, ಈ ವರ್ಷದ ವರದಿಯಲ್ಲಿ ದೀಕ್ಷಾಸ್ನಾನದ ಸಂಖ್ಯೆಯ ಬದಲು ನೀವು ಯಾರ ಮನೆಯಲ್ಲಿ ನೀರು ಕೇಳಿ ಕುಡಿದಿರಿ, ಯಾರ ಕಷ್ಟ ಕೂತು ಕೇಳಿದಿರಿ ಎಂದು ಬರೆಯಿರಿ. ಧರ್ಮ ಕಾಯಲು ಹೊರಟವರೇ, ಅದೇ ಕೇರಿಯಲ್ಲಿ ನೀವು ಕೊನೆಯ ಸಲ ನೀರು ಕುಡಿದದ್ದು ಯಾವಾಗ ಎಂಬುದನ್ನೂ ಬರೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲೇ ಪ್ರಕಟಿಸಲು ನಾವು ತಯಾರಿದ್ದೇವೆ.