ಹೊಗೆಗೆ ಹತ್ತು ಕಿಲೋಮೀಟರಿನ ಗಡಿ

ಕಲ್ಲಿದ್ದಲು ಉರಿಸುವ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಕೇಂದ್ರ ಪರಿಸರ ಸಚಿವಾಲಯವು ಮಿತಿ ವಿಧಿಸಿದ್ದು 2015ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಈ ಅನಿಲದ ಮಟ್ಟಿಗೆ ಇದ್ದದ್ದು ಚಿಮಣಿ ಎಷ್ಟು ಎತ್ತರವಿರಬೇಕೆಂಬ ನಿಯಮ ಮಾತ್ರ. ಎರಡು ವರ್ಷಗಳಲ್ಲಿ ಜಾರಿಯಾಗಬೇಕಿದ್ದ ಮಿತಿಯ ಗಡುವು ಪದೇಪದೇ ಮುಂದಕ್ಕೆ ಹೋಗಿ, 2025ರ ಜುಲೈನಲ್ಲಿ, ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶ, 10 ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳು ಹಾಗೂ ಮಲಿನವೆಂದು ಗುರುತಿಸಲಾದ ಊರುಗಳಿಂದ 10 ಕಿಲೋಮೀಟರಿಗಿಂತ ದೂರವಿರುವ ಸ್ಥಾವರಗಳನ್ನು, ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚಿನವನ್ನು, ಆ ಹೊಣೆಯಿಂದ ಬಿಡಿಸಲಾಯಿತು. ಆ ಸ್ಥಾವರಗಳ ಮಟ್ಟಿಗೆ, ಚಿಮಣಿಯ ಎತ್ತರ ಸರಿಯಿದ್ದರೆ ಸಾಕು ಎಂಬ ಹಳೆಯ ನೆಲೆಗೇ ಕಾನೂನು ಮರಳಿತು.

ಮಿತಿಯನ್ನು ಪಾಲಿಸಲು ಬಳಸುವ, ಸುಣ್ಣದಕಲ್ಲಿನ ಪುಡಿಯನ್ನು ನೀರಿನಲ್ಲಿ ಕದಡಿ, ಹೊಗೆಗೆ ಸಿಂಪಡಿಸಿ, ಗಂಧಕವನ್ನು ಜಿಪ್ಸಂ ರೂಪದಲ್ಲಿ ಹಿಡಿದಿಡುವ ಘಟಕಕ್ಕೆ ಎಫ್‌ಜಿಡಿ ಎಂದು ಹೆಸರು. ಅದು ದುಬಾರಿ, ಸ್ಥಾವರದ ವಿದ್ಯುತ್ತಿನಲ್ಲಿ ಒಂದಂಶವನ್ನು ತಾನೇ ಬಳಸುತ್ತದೆ, ಸುಣ್ಣದಕಲ್ಲಿನಿಂದ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ; ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದೂ ನಿಜ. ವಿನಾಯಿತಿಯ ಪರವಾದ ಈ ವಾದಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಊರುಗಳ ಗಾಳಿಯಲ್ಲಿ ಗಂಧಕದ ಡೈಆಕ್ಸೈಡು ಮಿತಿಯೊಳಗೇ ಇದೆ, ಆದ್ದರಿಂದ ಅಪಾಯವಿಲ್ಲ ಎಂಬ ತರ್ಕ ಮಾತ್ರ ನಿಲ್ಲುವುದಿಲ್ಲ. ಗಂಧಕದ ಡೈಆಕ್ಸೈಡು ಬಹುಕಾಲ ಅನಿಲವಾಗಿ ಉಳಿಯುವುದಿಲ್ಲ; ಗಾಳಿಯಲ್ಲಿ ಸಾಗುತ್ತ, ಅಮೋನಿಯದೊಡನೆ ಕೂಡಿ, ಸಲ್ಫೇಟ್ ಎಂಬ ಅತಿ ಸಣ್ಣ ಕಣವಾಗುತ್ತದೆ, ನೂರಾರು ಕಿಲೋಮೀಟರ್ ಚಲಿಸುತ್ತದೆ, ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಅನಿಲದ ಲೆಕ್ಕದಲ್ಲಿ ಕಾಣದೆ ಹೋದದ್ದು ಪಿಎಂ 2.5 ಎಂಬ ಸೂಕ್ಷ್ಮಕಣಗಳ ಲೆಕ್ಕದಲ್ಲಿ ಸೇರಿರುತ್ತದೆ. ಎತ್ತರದ ಚಿಮಣಿ ಹತ್ತಿರದವರನ್ನು ಒಂದಿಷ್ಟು ಕಾಯುತ್ತದೆ, ದೂರದವರನ್ನಲ್ಲ. ಬ್ರಿಟನ್ನು ಮತ್ತಿತರ ಐರೋಪ್ಯ ದೇಶಗಳ ಹೊಗೆ ತನ್ನ ಸರೋವರಗಳನ್ನು ಆಮ್ಲಮಯಗೊಳಿಸುತ್ತಿದೆಯೆಂದು ಸ್ವೀಡನ್ 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ದೂರಿದ್ದು, 1979ರಲ್ಲಿ ಜಿನೀವಾದಲ್ಲಿ ಗಡಿದಾಟುವ ವಾಯುಮಾಲಿನ್ಯದ ಒಪ್ಪಂದವಾದದ್ದು ಇದೇ ಕಾರಣಕ್ಕೆ.

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ರಾಯಚೂರಿನದೇ ಆದ ಯರಮರಸಿನಲ್ಲೂ ಬಳ್ಳಾರಿ ಬಳಿಯ ಕುಡತಿನಿಯಲ್ಲೂ ದೊಡ್ಡ ಸ್ಥಾವರಗಳಿವೆ. ಅಲ್ಲಿ ಹುಟ್ಟಿದ ವಿದ್ಯುತ್ತು ರಾಜ್ಯದ ಎಲ್ಲ ನಗರಗಳನ್ನೂ ಬೆಳಗುತ್ತದೆ, ಹಾರುಬೂದಿ ಮಾತ್ರ ಸುತ್ತಲಿನ ಹಳ್ಳಿಗಳ ಪಾಲಾಗಿದೆ. ಪಕ್ಕದಲ್ಲಿ ದೊಡ್ಡ ನಗರವಿದೆಯೇ ಎಂದು ನೋಡಿ ರಕ್ಷಣೆ ನೀಡುವ ಕಾನೂನು ಇಂಥ ಹಳ್ಳಿಗಳ ಜನರನ್ನು ಲೆಕ್ಕದಿಂದಲೇ ಹೊರಗಿಡುತ್ತದೆ, ಇದು ಅನ್ಯಾಯ. ಸ್ಥಾವರವೊಂದು ವರ್ಷಕ್ಕೆ ಎಷ್ಟು ಟನ್ ಗಂಧಕ ಬಿಡುತ್ತದೆ, ಅದು ಎತ್ತ ಸಾಗಿ ಎಷ್ಟು ಸಲ್ಫೇಟ್ ಆಗುತ್ತದೆ ಎಂಬುದನ್ನು ಅಳೆದು ಪ್ರಕಟಿಸಿದ ಮೇಲಷ್ಟೇ ಯಾವ ಸ್ಥಾವರಕ್ಕೆ ವಿನಾಯಿತಿ ಸಲ್ಲುತ್ತದೆಂದು ಸರ್ಕಾರ ನಿರ್ಧರಿಸಬೇಕಿತ್ತು.