ಬೆಟ್ಟಕ್ಕೆ ಭಾರವಾಗದ ಹೆಜ್ಜೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಹಲಗೂರಿನವರಾದ ನಮಗೆ ಬೆಟ್ಟವೇನೂ ದೂರವಲ್ಲ. ಮುತ್ತತ್ತಿಯ ದಾರಿ ಹಿಡಿದರೆ ಬಸವನಬೆಟ್ಟದ ಕಾಡು ಎದುರಾಗುತ್ತದೆ, ಅದರಾಚೆಗೆ ಕಾವೇರಿ. ಆದರೂ ನಮ್ಮಲ್ಲಿ ಬಹುಮಂದಿಗೆ ಅದು ಬಸ್ಸಿನ ಕಿಟಕಿಯಿಂದ ಕಂಡ ಬೆಟ್ಟವೇ ಹೊರತು, ಬಲ್ಲ ಬೆಟ್ಟವಲ್ಲ. ವಿದ್ಯಾರ್ಥಿಗಳಾದವರು ಬೆಟ್ಟದ ದಾರಿಯಲ್ಲಿ ನಡೆಯುವುದನ್ನು ಕಲಿಯಬೇಕು, ಅದನ್ನು ಕಾಲೇಜೇ ಕಲಿಸಬೇಕು ಎಂಬುದು ನನ್ನ ನಮ್ರ ಅಭಿಪ್ರಾಯ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಗೆಳೆಯರು ಜೊತೆಗೂಡಿ ಬೆಟ್ಟದ ದಾರಿ ಹಿಡಿಯುತ್ತಾರಂತೆ. ಕಾಲಿಗೆ ಮೊರದಷ್ಟು ಅಗಲದ ಹಿಮಪಾದುಕೆಗಳನ್ನು ಕಟ್ಟಿಕೊಳ್ಳುತ್ತಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಬಾಗಿಸಿದ ಮರದ ಚೌಕಟ್ಟಿಗೆ ಹದಮಾಡದ ತೊಗಲಿನ ಎಳೆಗಳನ್ನು ಹೆಣೆದು ಇವನ್ನು ಮಾಡುತ್ತಿದ್ದರು. ಇದರ ಮರ್ಮ ಸರಳವಾದುದು. ಮನುಷ್ಯನ ತೂಕ ಅಂಗಾಲಿನಷ್ಟು ಜಾಗದ ಮೇಲೆ ಬಿದ್ದರೆ ಕಾಲು ಮೊಣಕಾಲುದ್ದ ಹೂತುಹೋಗುತ್ತದೆ. ಅದೇ ತೂಕ ಅಗಲವಾಗಿ ಹರಡಿದರೆ ಹಿಮ ಅವನನ್ನು ಹೊರುತ್ತದೆ. ತೂಕ ಕಡಮೆಯಾಗುವುದಿಲ್ಲ, ನೆಲದ ಮೇಲಿನ ಒತ್ತಡ ಕಡಮೆಯಾಗುತ್ತದೆ.

ನಮ್ಮ ಮಾರ್ಗಶಿರದಲ್ಲಿ ಹಿಮವೆಂದರೆ ಇಬ್ಬನಿ, ಬಹಳವಾದರೆ ಮಂಜು. ಪಾದುಕೆಯ ಅಗತ್ಯವಿಲ್ಲ. ಆದರೆ ನೆಲದ ಮೇಲೆ ಭಾರವಾಗದೆ ನಡೆಯುವ ವಿದ್ಯೆಯ ಅಗತ್ಯ ನಮಗೂ ಉಂಟು. ಆ ವಿದ್ಯೆಯನ್ನು ಪಾದುಕೆಯಲ್ಲಿ ಹುಡುಕದೆ ನಡತೆಯಲ್ಲಿ ಹುಡುಕಬೇಕು.

ಕಳೆದ ಧನುರ್ಮಾಸದಲ್ಲಿ ನಾನೂ ನನ್ನ ಸಹಪಾಠಿಯೊಬ್ಬನೂ ಅಭಯಾರಣ್ಯದ ಗಡಿಯ ಈಚೆಗಿರುವ, ದನಕುರಿ ಮೇಯುವ ಒಂದು ಕಲ್ಲುಗುಡ್ಡವನ್ನು ಹತ್ತಿದೆವು. ಅವನು ನಾಲೆಯ ಬಯಲಿನವನು. ಗದ್ದೆಯ ಬದುವಿನ ಮೇಲೆ ಓಡಬಲ್ಲ, ಏರು ಹತ್ತಿದ ಅಭ್ಯಾಸವಿಲ್ಲ. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ, "ನೀನು ಹೋಗ್ಲಾ, ನಾನಿಲ್ಲೇ ಕುಂತಿರ್ತೀನಿ" ಎಂದ. ಅಲ್ಲಿಯೇ ಕುರಿ ಬಿಟ್ಟುಕೊಂಡಿದ್ದ ಅಜ್ಜನೊಬ್ಬ ನಕ್ಕು, "ಗುಡ್ಡ ಎಲ್ಲೂ ಓಡೋಗಕಿಲ್ಲ ಕಣ್ರಪ್ಪಾ, ನಿಧಾನಕ್ಕೋಗಿ" ಎಂದ. ಅಲ್ಲಿಂದ ಮುಂದಕ್ಕೆ ಗೆಳೆಯ ಮುಂದೆ, ನಾನು ಹಿಂದೆ. ಅವನ ಹೆಜ್ಜೆಯೇ ಇಬ್ಬರಿಗೂ ಅಳತೆ. ನಿಧಾನವಾದುದರಿಂದ ಕಂಡದ್ದು ಹೆಚ್ಚು: ಕಲ್ಲಿನ ಸಂದಿನಲ್ಲಿ ಬಿದ್ದಿದ್ದ ಮುಳ್ಳುಹಂದಿಯ ಮುಳ್ಳು, ಕಾಯಿ ಬಿಟ್ಟ ನೆಲ್ಲಿಯ ಮರ, ಜೇಡನ ಬಲೆಯ ಮೇಲೆ ಕುಳಿತ ಇಬ್ಬನಿ. ನೆತ್ತಿ ಮುಟ್ಟುವ ಹೊತ್ತಿಗೆ ಮಂಜು ಕರಗಿತ್ತು. ಒಬ್ಬನೇ ಬಿರಬಿರನೆ ಹತ್ತಿದ್ದರೆ ನನಗೆ ಮಂಜಷ್ಟೇ ಸಿಗುತ್ತಿತ್ತು!

ಹೀಗೆ ನಡೆಯುವುದು ನಮ್ಮ ನಾಡಿಗೆ ಹೊಸದಲ್ಲ. ಮಂಟೇಸ್ವಾಮಿಯ ಕಥೆಯಲ್ಲಿ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಿ ಬಂದದ್ದು ಇದೇ ಹಲಗೂರಿನ ಪಾಂಚಾಳರ ಬಳಿಗೆ. ಆ ಕಥೆಯನ್ನು ನೀಲಗಾರರು ಇಂದಿಗೂ ಹಾಡುತ್ತಾರೆ. ಶಿವರಾತ್ರಿಗೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾವೇರಿಯನ್ನು ದಾಟಿ ನಡೆದುಹೋಗುವ ಭಕ್ತರನ್ನೂ ನೋಡಿ. ಮುದುಕರೂ ಮಕ್ಕಳೂ ಆ ಗುಂಪಿನಲ್ಲಿರುತ್ತಾರೆ. ಬೆಟ್ಟವನ್ನು ಗೆದ್ದೆನೆಂದು ಅವರಲ್ಲಿ ಯಾರೂ ಹೇಳುವುದಿಲ್ಲ, ದರ್ಶನವಾಯಿತೆಂದು ಹೇಳುತ್ತಾರೆ. ಗೆಲ್ಲುವ ಮಾತು ನಮಗೆ ಅಂಟಿದ್ದು ಈಚೆಗೆ.

ಆ ಮಾತಿನ ಫಲವೂ ಕಣ್ಣ ಮುಂದಿದೆ. 2024ರ ಜನವರಿಯ ಕೊನೆಯಲ್ಲಿ ರಜೆ ಬಂದಾಗ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದರು. ಸರ್ಕಾರ ಕೆಲಕಾಲ ಚಾರಣಗಳನ್ನೇ ತಡೆಯಬೇಕಾಯಿತು. ಇತ್ತ ನಮ್ಮ ಮುತ್ತತ್ತಿಯಲ್ಲಿ, ಬಂಡೆಗಳ ನಡುವೆ ಸುಳಿ ಇರುವ ಹೊಳೆಗೆ ಇಳಿದು ಪ್ರಾಣ ಕಳೆದುಕೊಂಡ ಯುವಕರ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಅವರೂ ಗೆಳೆಯರೊಡನೆ ಬಂದವರೇ. ಜೊತೆಯಿದ್ದರೆ ಸಾಲದು, ಬೇಡ ಎನ್ನಬಲ್ಲ ಜೊತೆ ಬೇಕು.

ಇದನ್ನೆಲ್ಲ ನೋಡಿದ ಹಿರಿಯರು, "ಆದ್ದರಿಂದಲೇ ಬೆಟ್ಟವೂ ಬೇಡ, ಹೊಳೆಯೂ ಬೇಡ" ಎನ್ನುತ್ತಾರೆ. ಅವರ ಭಯ ನ್ಯಾಯವಾದದ್ದೇ. ಆದರೆ ತಡೆದ ಮಾತ್ರಕ್ಕೆ ಹುಡುಗರು ಹೋಗದೆ ಇರುವುದಿಲ್ಲ. ಹೇಳದೆ ಹೋಗುತ್ತಾರೆ, ಅದು ಇನ್ನೂ ಅಪಾಯ. ತಡೆ ನಿಜವಾಗಿ ತಟ್ಟುವುದು ನಮ್ಮ ಸಹಪಾಠಿ ಸೋದರಿಯರಿಗೆ. ಅವರು ಹೇಳದೆ ಹೋಗಲಾರರು. ಆದ್ದರಿಂದ ಹೋಗುವುದೇ ಇಲ್ಲ. ಸೌದೆಯ ಹೊರೆ ಹೊತ್ತು ಗುಡ್ಡವಿಳಿದ ಅಜ್ಜಿಯರ ಮೊಮ್ಮಕ್ಕಳಿಗೆ ಆ ಗುಡ್ಡವೇ ಪರಸ್ಥಳವಾಗಿದೆ. ಇದು ಸರಿಯೇ?

ನನ್ನ ಸಲಹೆ ಇಷ್ಟೇ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುವ ಪ್ರವಾಸದ ಜೊತೆಗೆ, ಪ್ರತಿ ಚಳಿಗಾಲದಲ್ಲೂ ಅಧ್ಯಾಪಕರ ಮುಂದಾಳುತನದಲ್ಲಿ ಒಂದು ಬೆಟ್ಟದ ನಡಿಗೆ ಏರ್ಪಡಲಿ. ಹುಡುಗರೂ ಹುಡುಗಿಯರೂ ಬರಲಿ. ಕಾವೇರಿ ವನ್ಯಜೀವಿಧಾಮ 1987ರಲ್ಲಿ ಘೋಷಿತವಾದದ್ದು. ಅದು ಆನೆಯ ಮನೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ಹೆಜ್ಜೆಯಿಡುವುದು ಬೇಡ. ಹೊರಗಿನ ಗುಡ್ಡಗಳೇ ಮೊದಲ ಪಾಠಕ್ಕೆ ಸಾಕು. ಗುಂಪು ಚಿಕ್ಕದಿರಲಿ. ಎಲ್ಲರಿಗಿಂತ ನಿಧಾನವಾದವರು ಮುಂದೆ ನಡೆಯಲಿ. ಹಿಂದಿರುಗುವ ಹೊತ್ತನ್ನು ಹೊರಡುವ ಮೊದಲೇ ಗೊತ್ತುಮಾಡಿ, ನೆತ್ತಿ ಎಷ್ಟೇ ಹತ್ತಿರವಿದ್ದರೂ ಆ ಹೊತ್ತಿಗೆ ತಿರುಗಿಬಿಡಲಿ. ಒಯ್ದ ಪೊಟ್ಟಣ, ಬಾಟಲಿಗಳು ಒಂದೂ ಬಿಡದೆ ಮರಳಿ ಬರಲಿ.

ಇದಕ್ಕೆ ಹಣ ಹೆಚ್ಚು ಬೇಡ. ಬುತ್ತಿ, ನೀರು, ಗಟ್ಟಿಯಾದ ಒಂದು ಜೊತೆ ಚಪ್ಪಲಿ ಸಾಕು. ಅಧ್ಯಾಪಕರು ಮನಸ್ಸು ಮಾಡಬೇಕು, ವಿದ್ಯಾರ್ಥಿಗಳು ಮಾತು ಉಳಿಸಿಕೊಳ್ಳಬೇಕು. ಬರುವ ಮಾರ್ಗಶಿರಕ್ಕೆ ಮೊದಲು ಸಂಬಂಧಪಟ್ಟವರು ಈ ವಿಚಾರವನ್ನು ಕೈಗೆತ್ತಿಕೊಳ್ಳುವರೆಂದು ಆಶಿಸುತ್ತೇನೆ.